ಪುಟ್ಟಣ್ಣ ಕಣಗಾಲ್: ಚಿತ್ರಕಥೆಯಲ್ಲಿ ಕೇಂದ್ರಪಾತ್ರದ ಆಯ್ಕೆ

ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲೂಕಿನ ಕಣಗಾಲಿನಲ್ಲಿ 1933ರಲ್ಲಿ ಜನಿಸಿದ ಎಸ್. ಆರ್. ಪುಟ್ಟಣ್ಣ ಕಣಗಾಲ್ ಅವರು ಬಿ. ಆರ್. ಪಂತುಲು ಅವರ ಸಹಾಯಕರಾಗಿ ಚಿತ್ರರಂಗದಲ್ಲಿ ಪಳಗಿದವರು. ಪಂತುಲು ಅವರು 1958ರಲ್ಲಿ ಕನ್ನಡದಲ್ಲಿ ತೆರೆಗೆ ತಂದಿದ್ದ ‘ಸ್ಕೂಲ್ ಮಾಸ್ಟರ್’ ಕಥೆಯನ್ನು 1964ರಲ್ಲಿ ಮಲಯಾಳಂನಲ್ಲಿ ನಿರ್ದೇಶಿಸಿ ಅವರು ಸ್ವತಂತ್ರ ನಿರ್ದೇಶಕರಾದರು. ಆ ಕಥೆಗೆ ಮೇಷ್ಟರೇ ನಾಯಕ. ಎಂಟು ವರ್ಷಗಳ ತರುವಾಯ ಮತ್ತೊಬ್ಬ ಮೇಷ್ಟರು ಅವರ ಚಿತ್ರಕಥೆಯೊಳಗೆ ಬಂದಾಗ ನಾಯಕಸ್ಥಾನ ಶಿಷ್ಯನ ಪಾಲಾಯಿತು.

ಈ ಆಯ್ಕೆಗೆ ಪೂರ್ವಸಿದ್ಧತೆ ನಡೆದದ್ದು ಕಾದಂಬರಿ ಆಧಾರಿತ ಸ್ತ್ರೀಕೇಂದ್ರಿತ ಚಿತ್ರಗಳಲ್ಲಿ. ತ್ರಿವೇಣಿಯವರ ಕೃತಿಗಳನ್ನು ಆಧರಿಸಿದ ‘ಬೆಳ್ಳಿಮೋಡ’ (1967) ಮತ್ತು ‘ಶರಪಂಜರ’ (1971), ಎಂ. ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’ (1969) — ಈ ಮೂರರಲ್ಲಿಯೂ ನಿರ್ಣಯ ಕೈಗೊಳ್ಳುವವರು ಬೇರೆಯವರು, ಅದನ್ನು ಬಾಳಬೇಕಾದವರು ಇಂದಿರಾ, ಕಾವೇರಿ, ಚಂದ್ರಾ. ಚಿತ್ರಕಥೆ ನೆಲೆನಿಲ್ಲುವುದು ಬಾಳಬೇಕಾದವರ ಬಳಿಯಲ್ಲಿ.

1972ರ ‘ನಾಗರಹಾವು’ ಚಿತ್ರಕ್ಕಾಗಿ ಅವರು ತ. ರಾ. ಸುಬ್ಬರಾಯರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಒಂದಾಗಿ ಹೆಣೆದರು. ಅಲಮೇಲುವನ್ನು ಮರೆಯುವಂತೆ ರಾಮಾಚಾರಿಯನ್ನು ಒಪ್ಪಿಸುವವರು ಚಾಮಯ್ಯ ಮೇಷ್ಟರು. ಆ ತ್ಯಾಗದ ಫಲವಾಗಿ ಅಲಮೇಲುವಿನ ಬಾಳು ಹಾಳಾಗುತ್ತದೆ. ಮಾರ್ಗರೆಟ್ಟಳ ವಿಷಯದಲ್ಲಿಯೂ ಮೇಷ್ಟರು ಅಡ್ಡ ನಿಲ್ಲುತ್ತಾರೆ. ನೈತಿಕ ಹೊಣೆಗಾರಿಕೆಯನ್ನೇ ಮಾನದಂಡವಾಗಿ ಇರಿಸಿಕೊಂಡರೆ ಕಥೆಯ ನಾಯಕ ಚಾಮಯ್ಯನವರೇ: ಸದುದ್ದೇಶದಿಂದ ತಪ್ಪುವವರು ಅವರು. ಆದರೆ ಅವರನ್ನು ಕೇಂದ್ರದಲ್ಲಿರಿಸಿದ್ದರೆ ಚಿತ್ರವು ಗುರುವಿನ ಪಶ್ಚಾತ್ತಾಪದ ಕಥನವಾಗಿ ಉಳಿಯುತ್ತಿತ್ತು. ಗುರುವಾಕ್ಯವನ್ನು ಮೀರಲಾರದ ಪ್ರೀತಿಯ ಬಿಕ್ಕಟ್ಟು ಹೊರಗಿನಿಂದ ಮಾತ್ರ ಕಾಣುತ್ತಿತ್ತು. ಚಿತ್ರದುರ್ಗದ ಬೆಟ್ಟದ ಮೇಲೆ ಮೇಷ್ಟರು ರಾಮಾಚಾರಿಯ ಕೈಯಿಂದಲೇ ಕೆಳಗುರುಳುವ ಅಂತಿಮ ದೃಶ್ಯದ ತೀವ್ರತೆಗೆ ಈ ಆಯ್ಕೆಯೇ ಕಾರಣ. (ಕೋಟೆಯ ಓಬವ್ವ ಸ್ವತಂತ್ರ ಚಿತ್ರವೊಂದಕ್ಕೆ ನಾಯಕಿಯಾಗಬಲ್ಲವಳು, ಇಲ್ಲಿ ಅವಳಿಗೆ ದೊರೆತದ್ದು ಒಂದು ಹಾಡಿನ ಅವಕಾಶ.)

ಈ ಆಯ್ಕೆ ಬೆಲೆಯನ್ನೂ ಕೇಳಿತು. ಅಲಮೇಲು ಮತ್ತು ಮಾರ್ಗರೆಟ್ ರಾಮಾಚಾರಿಯ ಬದುಕಿನ ಎರಡು ಘಟ್ಟಗಳಾಗಿ ಕುಗ್ಗಿದರು. ಕಾವೇರಿಯ ಅಂತರಂಗವನ್ನು ತೆರೆದು ತೋರಿದ ನಿರ್ದೇಶಕರೇ ಅಲಮೇಲುವಿನ ದಾಂಪತ್ಯವನ್ನು ಮರೆಯಲ್ಲಿ ನಡೆಸಿ, ಅದರ ಪರಿಣಾಮವನ್ನಷ್ಟೇ ನಾಯಕನ ಕಣ್ಣಮುಂದೆ ತಂದು ನಿಲ್ಲಿಸಿದ್ದಾರೆ. ಚಿತ್ರ ಅಪಾರ ಜನಪ್ರಿಯತೆ ಗಳಿಸಿದರೂ ಸುಬ್ಬರಾಯರು ತಮ್ಮ ಅಸಮಾಧಾನವನ್ನು ಬಹಿರಂಗವಾಗಿಯೇ ವ್ಯಕ್ತಪಡಿಸಿದರು.

ಮರುವರ್ಷ ಭಾರತೀಸುತರ ಕಾದಂಬರಿ ಆಧಾರಿತ ‘ಎಡಕಲ್ಲು ಗುಡ್ಡದ ಮೇಲೆ’ ಚಿತ್ರದಲ್ಲಿ ಮಾಧವಿಯ ಮೂಲಕ ಅವರು ಮತ್ತೆ ಹೆಣ್ಣಿನ ಅಂತರಂಗಕ್ಕೆ ಹಿಂದಿರುಗಿದರು. 1974ರಲ್ಲಿ ‘ನಾಗರಹಾವು’ ಚಿತ್ರವನ್ನು ‘ಜಹ್ರೀಲಾ ಇನ್ಸಾನ್’ ಹೆಸರಿನಲ್ಲಿ ತಾವೇ ಹಿಂದಿಗೆ ತಂದರು. ಅಲ್ಲಿ ಅದು ಗೆಲ್ಲಲಿಲ್ಲ. 1985ರಲ್ಲಿ ಅವರು ನಿಧನರಾದಾಗ ‘ಮಸಣದ ಹೂವು’ ಅಪೂರ್ಣವಾಗಿತ್ತು, ಅದನ್ನು ಕೆ. ಎಸ್. ಎಲ್. ಸ್ವಾಮಿ ಪೂರ್ಣಗೊಳಿಸಿದರು.