ಸಂಕೋಲೆಯವರ ಅನ್ನವನ್ನುಂಡ ಜಾನ್ ನ್ಯೂಟನ್

ಅರಸೀಕೆರೆ ಸೀಮೆಯ ನಮ್ಮ ವಾಚಕರಲ್ಲಿ ಅನೇಕರು ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ತೆಂಕಣ ಕಡೆಯಲ್ಲಿ ನಿಂತಿರುವ ಕಂಬವನ್ನು ನೋಡಿರಬಹುದು. ಎರಡನೆಯ ವೀರಬಲ್ಲಾಳನು ೧೨೨೦ರಲ್ಲಿ ತೀರಿಹೋದಾಗ, ಅವನ ಅನ್ನದಿಂದ ಬೆಳೆದ ದಂಡನಾಯಕನಾದ ಕುವರ ಲಕ್ಷ್ಮನು ತನ್ನ ಹೆಂಡತಿಯೊಡನೆಯೂ ಭಟರೊಡನೆಯೂ ಪ್ರಾಣವನ್ನು ಒಪ್ಪಿಸಿದ ಸಂಗತಿಯನ್ನು ಅದರ ಮೇಲೆ ಕೆತ್ತಿದ್ದಾರೆ. ಹಾಗೆ ಪ್ರಾಣ ಕಳೆದುಕೊಳ್ಳುವದು ಮೆಚ್ಚತಕ್ಕದ್ದಲ್ಲ. ಆದರೂ ಉಂಡ ಅನ್ನದ ಋಣವೆಂಬದನ್ನು ಈ ಸೀಮೆಯವರು ಎಷ್ಟು ಘನವಾಗಿ ಎಣಿಸಿದರೆಂದು ಅದರಿಂದ ತಿಳಿಯುತ್ತದೆ. ಆದರೆ ಅದು ಅರಸನ ಅನ್ನವಾಗಿತ್ತು. ಏನೂ ಇಲ್ಲದವರು ಕೈಯೆತ್ತಿ ಕೊಟ್ಟ ಅನ್ನದ ಋಣವು ಒಬ್ಬನನ್ನು ಹೇಗೆ ಹಿಂಬಾಲಿಸಿತೆಂಬದನ್ನು ಈ ತಿಂಗಳು ಹೇಳುವೆವು.

ಜಾನ್ ನ್ಯೂಟನನು ೧೭೨೫ನೆಯ ಇಸವಿಯಲ್ಲಿ ಲಂಡನ್ ಪಟ್ಟಣದಲ್ಲಿ ಹುಟ್ಟಿದನು. ತಂದೆಯು ಹಡಗಿನ ಯಜಮಾನ. ತಾಯಿಯು ಭಕ್ತೆಯಾಗಿದ್ದು ಮಗನಿಗೆ ಸತ್ಯವೇದದ ಪಾಠಗಳನ್ನು ಬಾಯಿಪಾಠ ಮಾಡಿಸಿದಳು. ಆದರೆ ಆತನಿಗೆ ಏಳು ವರುಷ ತುಂಬುವದಕ್ಕೆ ಮುಂಚೆಯೇ ತೀರಿಹೋದಳು. ಹನ್ನೊಂದನೆಯ ವಯಸ್ಸಿನಲ್ಲಿ ಹುಡುಗನು ತಂದೆಯ ಸಂಗಡ ಸಮುದ್ರಕ್ಕೆ ಹೊರಟನು. ಯೌವನದಲ್ಲಿ ರಾಜನ ಯುದ್ಧದ ಹಡಗಿಗೆ ಬಲಾತ್ಕಾರದಿಂದ ಸೇರಿಸಲ್ಪಟ್ಟು, ತಪ್ಪಿಸಿಕೊಂಡು ಓಡಿ, ಸಿಕ್ಕಿಬಿದ್ದು ಚಾವಟಿಯ ಏಟುಗಳನ್ನು ತಿಂದನು. ಆಮೇಲೆ ಆತನು ಗುಲಾಮರನ್ನು ಸಾಗಿಸುವ ಒಂದು ಹಡಗಿಗೆ ಬದಲಾಯಿಸಲ್ಪಟ್ಟು ಆಫ್ರಿಕಾ ಖಂಡದ ಪಡುವಣ ಕರಾವಳಿಗೆ ಬಂದನು.

ಅಲ್ಲಿ ಸಿಯೆರಾ ಲಿಯೋನಿಗೆ ಸಮೀಪವಾದ ಬಾಳೆಯ ದ್ವೀಪಗಳಲ್ಲಿ ಕ್ಲೋ ಎಂಬ ಒಬ್ಬ ಬಿಳಿಯ ವ್ಯಾಪಾರಿಯಿದ್ದನು. ಇವನು ಮನುಷ್ಯರನ್ನು ಕೊಂಡು ಮಾರುವವನು. ೧೭೪೫ರಲ್ಲಿ ನ್ಯೂಟನನು ಹಣ ಸಂಪಾದಿಸುವ ಆಶೆಯಿಂದ ಅವನ ಸೇವೆಗೆ ಸೇರಿದನು. ಸ್ವಲ್ಪ ಕಾಲದಲ್ಲಿಯೇ ಕಠಿಣವಾದ ಜ್ವರವು ಬಂತು. ಯಜಮಾನನು ವ್ಯಾಪಾರಕ್ಕೆ ಹೋಗಿರಲಾಗಿ, ಆ ದೇಶದವಳೇ ಆದ ಅವನ ಹೆಂಡತಿಯು ರೋಗಿಯನ್ನು ತಾತ್ಸಾರ ಮಾಡಿದಳು. ಒಂದು ಚಾಪೆ, ತಲೆಗೆ ಇಂಬಾಗಿ ಒಂದು ಮರದ ದಿಮ್ಮಿ, ಇಷ್ಟೇ ಆತನ ಹಾಸಿಗೆ. ಜ್ವರದಲ್ಲಿ ತಣ್ಣೀರು ಸಿಕ್ಕುವದೂ ಕಷ್ಟವಾಯಿತು. ಆಕೆಯು ಉಂಡು ಬಿಟ್ಟದ್ದನ್ನು ಕೊಟ್ಟಾಗ, ನಿತ್ರಾಣದಿಂದ ತಟ್ಟೆಯು ಒಂದು ದಿನ ಕೈಜಾರಿ ಬಿತ್ತು. ಆಕೆಯು ನಕ್ಕಳೇ ಹೊರತು ಮತ್ತೆ ಕೊಡಲಿಲ್ಲ. ಹಸಿವನ್ನು ತಾಳಲಾರದೆ ಆತನು ರಾತ್ರಿಯಲ್ಲಿ ತೋಟಕ್ಕೆ ಹೋಗಿ ಹಸೀ ಗೆಡ್ಡೆಗಳನ್ನು ಕಿತ್ತು ತಿಂದನು.

ಹೀಗಿರಲಾಗಿ ಆತನಿಗೆ ಉಣಿಸಿದವರು ಯಾರು? ಮಾರಾಟಕ್ಕಾಗಿ ಸಂಕೋಲೆ ಹಾಕಿ ಇಟ್ಟಿದ್ದ ಗುಲಾಮರು! ಅವರಿಗೆ ಸಿಕ್ಕುವದೇ ಅಲ್ಪ. ಅದರಲ್ಲಿಯೂ ಸ್ವಲ್ಪ ಉಳಿಸಿ, ಕಂಡರೆ ಪೆಟ್ಟು ಬಿದ್ದೀತೆಂದು ಹೆದರುತ್ತಲೇ, ಗುಟ್ಟಾಗಿ ಈ ಬಿಳಿಯನಿಗೆ ತಂದುಕೊಟ್ಟರು. ಅವರನ್ನು ಮಾರುವವನ ಆಳೇ ಇವನೆಂದು ಅವರು ಅರಿತೇ ಇದ್ದರು. ಆತನು ಮುಂದೆ ಬರೆದ ಆತ್ಮಚರಿತ್ರೆಯಲ್ಲಿ ಈ ಉಪಕಾರವನ್ನು ಮರೆಮಾಡಲಿಲ್ಲ; ಆದರೆ ಅವರಲ್ಲಿ ಒಬ್ಬನ ಹೆಸರನ್ನಾದರೂ ಅದರಲ್ಲಿ ಬರೆದಿಲ್ಲ.

ಆ ದಿನಗಳಲ್ಲಿ ನ್ಯೂಟನನು ನಿಂಬೆಯ ಸಸಿಗಳನ್ನು ನೆಡುತ್ತಿರುವಾಗ ಕ್ಲೋ ದಂಪತಿಗಳು ನೋಡಿ ಹಾಸ್ಯಮಾಡಿದರು: ಇವು ಕಾಯಿಬಿಡುವ ವೇಳೆಗೆ ನೀನು ಊರಿಗೆ ಹೋಗಿ ಹಡಗಿನ ಕಪ್ತಾನನಾಗಿ ಬಂದು ಕೊಯ್ದುಕೊಂಡೀಯೆಂದು. ಕುಚೋದ್ಯದ ಮಾತು ನಿಜವೇ ಆಯಿತು. ೧೭೪೭ರಲ್ಲಿ ತಂದೆಯ ಸ್ನೇಹಿತನ ಒಂದು ಹಡಗು ಆತನನ್ನು ಹತ್ತಿಸಿಕೊಂಡಿತು. ೧೭೪೮ರ ಮಾರ್ಚಿಯಲ್ಲಿ ಬಿರುಗಾಳಿಗೆ ಹಡಗು ಒಡೆದು ನೀರು ನುಗ್ಗಿದಾಗ ಆತನು ಕೃಪೆಗಾಗಿ ಮೊರೆಯಿಟ್ಟನು. ಅಂದಿನಿಂದ ಆತನ ಮನಸ್ಸು ತಿರುಗಿತೆಂದು ಹೇಳುವರು. ಆದರೆ ಕಸಬು ತಿರುಗಲಿಲ್ಲ. ೧೭೫೦ರಿಂದ ೧೭೫೪ರ ವರೆಗೆ ಮೂರು ಪ್ರಯಾಣಗಳಲ್ಲಿ ಆತನು ಗುಲಾಮರ ಹಡಗಿನ ಕಪ್ತಾನನಾಗಿ ಅದೇ ಕರಾವಳಿಗೆ ಹೋದನು. ತಾನು ನೆಟ್ಟ ಮರಗಳ ನಿಂಬೇಕಾಯಿಗಳನ್ನು ಕೊಯ್ದನು. ತನಗೆ ಉಣಿಸಿದ ಜನರ ಬಂಧುಬಳಗದವರನ್ನು ಕ್ರಯಕ್ಕೆ ಕೊಂಡು, ಮಗ್ಗುಲು ಹೊರಳುವದಕ್ಕೂ ಸ್ಥಳವಿಲ್ಲದಂತೆ ಅಟ್ಟದ ಕೆಳಗೆ ಮಲಗಿಸಿ, ಸಮುದ್ರದಾಚೆಗೆ ಸಾಗಿಸಿದನು. ೧೭೫೨ರಲ್ಲಿ ದಂಗೆಯ ಶಂಕೆ ಬಂದಾಗ ಹುಡುಗರ ಹೆಬ್ಬೆರಳುಗಳನ್ನು ತಿರುಪುಯಂತ್ರದಲ್ಲಿ ಬಿಗಿಸಿ ನಿಜ ಹೊರಡಿಸಿದ ಸಂಗತಿಯು ಆತನ ಸ್ವಂತ ದಿನಚರಿಯಲ್ಲಿಯೇ ಇದೆ. ಆದಿತ್ಯವಾರಗಳಲ್ಲಿ ನಾವಿಕರನ್ನು ಕೂಡಿಸಿ ಪ್ರಾರ್ಥನೆಯನ್ನೂ ನಡಿಸುತ್ತಿದ್ದನು. ಇದನ್ನು ಬರೆಯಲು ನಮಗೆ ಸಂಕಟವಾದರೂ ಮುಚ್ಚಿಡುವದು ನ್ಯಾಯವಲ್ಲ.

೧೭೫೪ರಲ್ಲಿ ಫಕ್ಕನೆ ಬಂದ ಮೂರ್ಛೆಯ ದೆಸೆಯಿಂದ ಸಮುದ್ರವನ್ನು ಬಿಟ್ಟನು. ಗುಲಾಮರಿಗಾಗಿ ಮರುಕಗೊಂಡು ಬಿಟ್ಟದ್ದಲ್ಲ. ೧೭೬೪ರಲ್ಲಿ ಓಲ್ನಿ ಎಂಬ ಊರಿನ ಸಭೆಗೆ ಬೋಧಕನಾದನು. ಕೂಪರ್ ಕವಿಯ ಸಂಗಡ ಕೂಡಿ ರಚಿಸಿದ ಕೀರ್ತನೆಗಳ ಪುಸ್ತಕವು ೧೭೭೯ರಲ್ಲಿ ಅಚ್ಚಾಯಿತು. ಲೋಕವೆಲ್ಲಾ ಬಲ್ಲ ‘ಅಮೇಜಿಂಗ್ ಗ್ರೇಸ್’ ಎಂಬ ಕೀರ್ತನೆಯು ಅದರಲ್ಲಿಯದೇ. ೧೭೮೦ರಲ್ಲಿ ಲಂಡನ್ನಿನ ಒಂದು ಸಭೆಗೆ ಹೋದನು. ಈ ವರುಷಗಳಲ್ಲೆಲ್ಲಾ ಆತನು ತನ್ನ ಪಾಪಗಳನ್ನು ಕುರಿತು ಬಹಳವಾಗಿ ಬೋಧಿಸಿದನು. ಸಂಕೋಲೆಯವರ ಪಕ್ಷವಾಗಿ ಮಾತ್ರ ಬಹಿರಂಗವಾಗಿ ಬಾಯಿಬಿಡಲಿಲ್ಲ. ಎಲ್ಲರೂ ಮಾಡುವ ವ್ಯಾಪಾರ, ದೊರೆತನದ ಅಪ್ಪಣೆಯುಳ್ಳ ವ್ಯಾಪಾರವೆಂದು ಮನಸ್ಸು ಕುರುಡಾಗಿತ್ತು. ನಾವು ದೂರದ ಇಂಗ್ಲಿಷರನ್ನೇ ಹಳಿಯುವದೇಕೆ? ನಮ್ಮ ದೇಶದಲ್ಲಿ ಜೀತವನ್ನು ನಿಷೇಧಿಸುವ ಕಾನೂನು ೧೯೭೬ರಲ್ಲಿ ಆಯಿತು. ಅದಕ್ಕೆ ಮುಂಚೆ ಜೀತದಾಳಿನ ಹೆಗಲ ಮೇಲೆ ಬೆಳೆದ ಮಕ್ಕಳು ದೊಡ್ಡವರಾದ ಮೇಲೆ, ಆ ಆಳಿನ ಸಾಲಪತ್ರವನ್ನು ಹರಿಯಿರಿ ಎಂದು ತಮ್ಮ ಅಪ್ಪಂದಿರಿಗೆ ಹೇಳಿದವರು ಎಷ್ಟು ಮಂದಿ?

೧೭೮೫ರ ದಶಂಬರಿನಲ್ಲಿ ಪಾರ್ಲಿಮೆಂಟಿನ ಸದಸ್ಯನಾದ ವಿಲ್ಬರ್‌ಫೋರ್ಸ್ ಎಂಬ ಯೌವನಸ್ಥನು ಆಲೋಚನೆ ಕೇಳಲು ಗುಟ್ಟಾಗಿ ಆತನ ಬಳಿಗೆ ಬಂದನು. ರಾಜ್ಯಕಾರ್ಯವನ್ನು ಬಿಡಬೇಡವೆಂದು ನ್ಯೂಟನನು ಧೈರ್ಯ ಹೇಳಿದನು. ಆ ಯೌವನಸ್ಥನು ಗುಲಾಮರ ವ್ಯಾಪಾರಕ್ಕೆ ವಿರೋಧವಾಗಿ ಎದ್ದಾಗ, ಹಿರಿಯನು ಇನ್ನು ಸುಮ್ಮನಿರಲಾರದೆ ಹೋದನು. ೧೭೮೮ರಲ್ಲಿ ಆತನು ಆ ವ್ಯಾಪಾರವನ್ನು ಕುರಿತು ಒಂದು ಚಿಕ್ಕ ಪುಸ್ತಕವನ್ನು ಹೊರಡಿಸಿದನು. ಹಡಗನ್ನು ಬಿಟ್ಟು ಮೂವತ್ತನಾಲ್ಕು ವರುಷಗಳಾಗಿದ್ದವು. ವಯಸ್ಸು ಅರುವತ್ತು ದಾಟಿತ್ತು. ತನ್ನ ಅರಿಕೆಯು ಬಹು ತಡವಾಗಿ ಬಂತೆಂದೂ, ಒಮ್ಮೆ ಆ ಕೆಲಸಕ್ಕೆ ತಾನೇ ಕೈಹಾಕಿದ್ದು ಜೀವಮಾನವೆಲ್ಲಾ ತನ್ನನ್ನು ನಾಚಿಸುವದೆಂದೂ ಒಪ್ಪಿಕೊಂಡನು. ಕಂಡದ್ದನ್ನೂ ಮಾಡಿದ್ದನ್ನೂ ಬಿಚ್ಚಿ ಬರೆದನು. ಪುಸ್ತಕವು ಪಾರ್ಲಿಮೆಂಟಿನ ಸದಸ್ಯರ ಕೈಗೆ ಮುಟ್ಟಿತು. ಅದೇ ವರುಷ ರಾಜನ ಮಂತ್ರಾಲೋಚನಾ ಸಭೆಯ ಮುಂದೆಯೂ, ೧೭೯೦ರಲ್ಲಿ ಪಾರ್ಲಿಮೆಂಟಿನ ಸಮಿತಿಯ ಮುಂದೆಯೂ ಸಾಕ್ಷಿ ಹೇಳಿದನು. ಮಾಜಿ ಕಪ್ತಾನನ ಸಾಕ್ಷಿಯಾದದರಿಂದ, ಬಲ್ಲದವನ ಹರಟೆಯೆಂದು ಅದನ್ನು ತಳ್ಳಿಬಿಡಲು ವ್ಯಾಪಾರಿಗಳಿಗೆ ಸಾಧ್ಯವಿರಲಿಲ್ಲ.

ಅದೇ ೧೭೯೦ರ ದಶಂಬರಿನಲ್ಲಿ ಆತನ ಪ್ರಿಯ ಹೆಂಡತಿಯಾದ ಮೇರಿಯು ತೀರಿಹೋದಳು. ಮುದುಕನ ಕಣ್ಣುಗಳು ಮಂದವಾದರೂ ಬೋಧಿಸುವದನ್ನು ಬಿಡಲಿಲ್ಲ. ಗುಲಾಮರ ವ್ಯಾಪಾರವನ್ನು ನಿಲ್ಲಿಸುವ ಕಾನೂನಿಗೆ ೧೮೦೭ರ ಮಾರ್ಚಿ ೨೫ರಲ್ಲಿ ರಾಜನ ಸಮ್ಮತಿ ದೊರೆಯಿತು. ಅದೇ ವರುಷದ ದಶಂಬರ್ ೨೧ರಲ್ಲಿ ನ್ಯೂಟನನು ತೀರಿಹೋದನು. ಬಾಳೆಯ ದ್ವೀಪದಿಂದ ಮಾರಲ್ಪಟ್ಟು ಹೋದವರಿಗೆ ಆ ಕಾನೂನಿನಿಂದ ಬಿಡುಗಡೆಯಾಗಲಿಲ್ಲ. ಆಗಲೇ ಗುಲಾಮರಾಗಿದ್ದವರನ್ನು ಬಿಡಿಸುವ ಕಾನೂನು ಜಾರಿಗೆ ಬಂದದ್ದು ೧೮೩೪ರಲ್ಲಿ.

೧೮೯೩ರಲ್ಲಿ ಆತನ ಎಲುಬುಗಳನ್ನು ಲಂಡನ್ನಿನಿಂದ ಓಲ್ನಿಗೆ ತಂದು ಹೂಳಿದರು. ತನ್ನ ಸ್ಮಾರಕದ ಬರಹವನ್ನು ಆತನು ತಾನೇ ಮುಂಚಿತವಾಗಿ ಬರೆದಿಟ್ಟಿದ್ದನು. ಅದರಲ್ಲಿ ಕೀರ್ತನೆಗಳ ಮಾತಿಲ್ಲ. ತನ್ನ ಹೆಸರಾದ ಮೇಲೆ, ತಾನು ಆಫ್ರಿಕದಲ್ಲಿ ಗುಲಾಮರಿಗೆ ಆಳಾಗಿದ್ದವನೆಂದು ಬರೆಸಿಕೊಂಡಿದ್ದಾನೆ.