ವೈದ್ಯಶಿಕ್ಷಣಕ್ಕೆ ಹೊಸ ಹಾದಿ ತೆರೆದ ಡಾ.ಟಿ.ಎಂ.ಎ. ಪೈ

ರಾಜ್ಯದಲ್ಲಿ ವೈದ್ಯಕೀಯ ಸೀಟು ಮತ್ತು ಶುಲ್ಕದ ಚರ್ಚೆ ಎದ್ದಾಗಲೆಲ್ಲ ನೆನಪಾಗುವ ಹೆಸರು ಡಾ.ತೋನ್ಸೆ ಮಾಧವ ಅನಂತ ಪೈ. ದೇಶದ ಮೊದಲ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲೊಂದನ್ನು ಕರಾವಳಿಯ ಬೋಳುಗುಡ್ಡವೊಂದರ ಮೇಲೆ ಕಟ್ಟಿದ ಈ ವೈದ್ಯ, ಮೆಚ್ಚುಗೆ ಮತ್ತು ವಿವಾದಗಳೆರಡಕ್ಕೂ ಕಾರಣವಾದ ವ್ಯವಸ್ಥೆಯೊಂದನ್ನು ನಾಡಿಗೆ ಬಿಟ್ಟುಹೋದರು.

ಪೈಯವರು ಜನಿಸಿದ್ದು 1898ರ ಏಪ್ರಿಲ್ 30ರಂದು, ಉಡುಪಿ ಸಮೀಪದ ಕಲ್ಯಾಣಪುರದಲ್ಲಿ. ಮದರಾಸಿನಲ್ಲಿ ವೈದ್ಯಪದವಿ ಪಡೆದು ಉಡುಪಿಗೆ ಮರಳಿ ವೃತ್ತಿ ಆರಂಭಿಸಿದರು. 1925ರಲ್ಲಿ ಅಣ್ಣ ಉಪೇಂದ್ರ ಅನಂತ ಪೈ ಹಾಗೂ ವಾಮನ ಕುಡ್ವರೊಡನೆ ಸೇರಿ ಅವರು ಸ್ಥಾಪಿಸಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ದಿನಕ್ಕೆ ಎರಡಾಣೆಯಂತೆ ಮನೆಮನೆಯಿಂದ ಸಂಗ್ರಹಿಸುವ ಪಿಗ್ಮಿ ಠೇವಣಿ 1928ರಲ್ಲಿ ಆರಂಭವಾಯಿತು. ಹಲವರ ಸಣ್ಣ ಮೊತ್ತಗಳಿಂದ ದೊಡ್ಡ ಕಾರ್ಯ ಸಾಧಿಸಬಹುದೆಂಬ ಈ ಪಾಠವೇ ಶಿಕ್ಷಣರಂಗದಲ್ಲೂ ಅವರಿಗೆ ದಾರಿಯಾಯಿತು.

1942ರಲ್ಲಿ ಅವರು ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಹುಟ್ಟುಹಾಕಿದರು. ಆಗ ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯದಲ್ಲಿತ್ತು. ವೈದ್ಯರಾಗಬಯಸುವ ಕರಾವಳಿಯ ಯುವಕರು ದೂರದ ಊರುಗಳತ್ತ ಮುಖಮಾಡಬೇಕಿತ್ತು. ಮೈಸೂರು ಸಂಸ್ಥಾನದ ವೈದ್ಯಕೀಯ ಕಾಲೇಜು 1924ರಲ್ಲೇ ಆರಂಭವಾಗಿದ್ದರೂ ಬೆಂಗಳೂರಿಗೆ ಕಾಲೇಜು ಬಂದದ್ದು 1955ರಲ್ಲಿ, ಹುಬ್ಬಳ್ಳಿಗೆ 1957ರಲ್ಲಿ. ಸರ್ಕಾರದ ಬೊಕ್ಕಸವನ್ನೇ ನೆಚ್ಚಿಕೊಂಡರೆ ಕರಾವಳಿಯ ಸರದಿ ಎಂದು ಬರುವುದೋ ಹೇಳುವಂತಿರಲಿಲ್ಲ. 1953ರಲ್ಲಿ ಪೈಯವರು ಮಣಿಪಾಲದಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜನ್ನು ತೆರೆದರು. ಕಾಲೇಜು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಂಯೋಜನೆಗೆ ಒಳಪಟ್ಟಿತು.

ಎದುರಿಗಿದ್ದ ತೊಡಕುಗಳು ಎರಡು: ಹಣ ಮತ್ತು ಆಸ್ಪತ್ರೆ. ವಿದ್ಯಾರ್ಥಿಗಳ ಪೋಷಕರಿಂದಲೇ ವಂತಿಗೆ ಪಡೆದು ಮೊದಲನೆಯದನ್ನು ನಿವಾರಿಸಿಕೊಂಡರು. ಎರಡನೆಯದಕ್ಕೆ ಕಂಡುಕೊಂಡ ಪರಿಹಾರ ಇನ್ನೂ ಜಾಣ್ಮೆಯದು. ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರಗಳಿಗೆ ಪ್ರಯೋಗಾಲಯ ಸಾಕು. ರೋಗಿಯ ಹಾಸಿಗೆಯ ಬಳಿ ನಿಂತು ಕಲಿಯುವ ಮುಂದಿನ ವರ್ಷಗಳಿಗೆ ದೊಡ್ಡ ಆಸ್ಪತ್ರೆಯೇ ಬೇಕು. ಹೀಗಾಗಿ ಆರಂಭದ ತರಗತಿಗಳು ಮಣಿಪಾಲದಲ್ಲಿ ನಡೆದರೆ, 1955ರಿಂದ ಮುಂದಿನ ಹಂತದ ಬೋಧನೆ ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯಲ್ಲಿ ನಡೆಯಿತು. ಕಾಲೇಜಿಗೆ ಕಲಿಕೆಯ ನೆಲೆ ದೊರೆಯಿತು. ಬಡರೋಗಿಗಳಿಗೆ ತಜ್ಞ ಅಧ್ಯಾಪಕರ ಸೇವೆ ಲಭಿಸಿತು. ಸರ್ಕಾರಿ-ಖಾಸಗಿ ಸಹಭಾಗಿತ್ವವೆಂಬ ಮಾತು ಚಾಲ್ತಿಗೆ ಬರುವ ಎಷ್ಟೋ ಮೊದಲೇ ಅದು ಇಲ್ಲಿ ಕಾರ್ಯರೂಪಕ್ಕೆ ಬಂದಿತ್ತು. 1961ರಲ್ಲಿ ಮಣಿಪಾಲದಲ್ಲೇ ಕಸ್ತೂರಬಾ ಆಸ್ಪತ್ರೆ ತಲೆಯೆತ್ತಿತು.

1972ರಲ್ಲಿ ಪೈಯವರಿಗೆ ಪದ್ಮಶ್ರೀ ಸಂದಿತು. 1979ರ ಮೇ 29ರಂದು ಅವರು ನಿಧನರಾದರು. ಮಣಿಪಾಲದ ಸಂಸ್ಥೆಗೆ 1993ರಲ್ಲಿ ಪರಿಗಣಿತ ವಿಶ್ವವಿದ್ಯಾಲಯದ ಸ್ಥಾನಮಾನ ದೊರೆಯಿತು.

ಆದರೆ ವಂತಿಗೆಯ ಪದ್ಧತಿ ಇತರೆಡೆಗೂ ಹಬ್ಬಿ, ಹಣವಿದ್ದವರಿಗಷ್ಟೇ ವೈದ್ಯವಿದ್ಯೆ ಎಂಬ ಆಕ್ರೋಶ ಭುಗಿಲೆದ್ದಿತು. ಕ್ಯಾಪಿಟೇಷನ್ ಶುಲ್ಕದ ವಿರುದ್ಧ ರಾಜ್ಯ ಸರ್ಕಾರ 1984ರಲ್ಲಿ ಕಾನೂನು ತಂದಿತು. 1992ರ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ವಸೂಲಿಯನ್ನು ಅಸಾಂವಿಧಾನಿಕವೆಂದು ಸಾರಿತು. 2002ರ ಅಕ್ಟೋಬರ್ 31ರಂದು 11 ನ್ಯಾಯಮೂರ್ತಿಗಳ ಪೀಠವು ಖಾಸಗಿಯವರು ಶಿಕ್ಷಣ ಸಂಸ್ಥೆ ನಡೆಸುವ ಹಕ್ಕನ್ನು ಎತ್ತಿಹಿಡಿದರೂ ಲಾಭಕೋರತನಕ್ಕೆ ಆಸ್ಪದವಿಲ್ಲವೆಂದಿತು. ಆ ಪ್ರಕರಣದ ಹೆಸರೇ ಟಿ.ಎಂ.ಎ. ಪೈ ಪ್ರತಿಷ್ಠಾನ ವಿರುದ್ಧ ಕರ್ನಾಟಕ ರಾಜ್ಯ.

ಅವರು ಕಟ್ಟಿದ ಬ್ಯಾಂಕ್ 1969ರಲ್ಲಿ ರಾಷ್ಟ್ರೀಕರಣಗೊಂಡು, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಕಾಲೇಜು ಉಳಿದಿದೆ. ಸರ್ಕಾರ ಕೈಚೆಲ್ಲಿದಲ್ಲಿ ಸಮಾಜವೇ ವೈದ್ಯರನ್ನು ರೂಪಿಸಬಲ್ಲದೆಂದು ಪೈಯವರು ತೋರಿಸಿಕೊಟ್ಟರು. ಅದರ ವೆಚ್ಚವನ್ನು ಯಾರು, ಎಷ್ಟು ಭರಿಸಬೇಕೆಂಬ ಪ್ರಶ್ನೆಗೆ ನಾಡು ಇನ್ನೂ ಪೂರ್ಣ ಉತ್ತರ ಕಂಡುಕೊಂಡಿಲ್ಲ.