ಎರಡು ಗಂಟೆಗೊಮ್ಮೆ ಮಗ್ಗುಲು



ಧಮ್ಮ ಬಂಧುಗಳೇ, ಇಂದಿನ ಚಿಂತನೆಗೆ ನಾನು ಆರಿಸಿಕೊಂಡಿರುವುದು ಒಬ್ಬ ವೈದ್ಯರ ಬದುಕನ್ನು. ಅವರು ಬೌದ್ಧರಲ್ಲ, ಯಹೂದಿ. ಹೆಸರು ಲುಡ್ವಿಗ್ ಗುಟ್‌ಮನ್. ಪ್ಯಾರಾಲಿಂಪಿಕ್ಸ್‌ನ ಜನಕ ಎಂದು ಜಗತ್ತು ಅವರನ್ನು ನೆನೆಯುತ್ತದೆ.

ಹುಟ್ಟಿದ್ದು 1899ರಲ್ಲಿ, ಆಗ ಜರ್ಮನಿಗೆ ಸೇರಿದ್ದ, ಈಗ ಪೋಲೆಂಡಿನಲ್ಲಿರುವ ಟೋಸ್ಟ್ ಎಂಬ ಊರಿನಲ್ಲಿ. 1917ರಲ್ಲಿ ಆಸ್ಪತ್ರೆಯೊಂದರಲ್ಲಿ ಸಹಾಯಕರಾಗಿದ್ದಾಗ ಬೆನ್ನುಮೂಳೆ ಮುರಿದ ಗಣಿ ಕಾರ್ಮಿಕನೊಬ್ಬನನ್ನು ಕರೆತಂದರು. ಗಟ್ಟಿಮುಟ್ಟಾದ ಯುವಕ. ಹೇಗೂ ಸಾಯುವವನು, ಅವನ ವಿವರ ಬರೆದುಕೊಳ್ಳುವುದೂ ವ್ಯರ್ಥ ಎಂಬುದು ಅಲ್ಲಿದ್ದ ವೈದ್ಯರ ನಿಲುವು. ಐದು ವಾರಗಳಲ್ಲಿ ಆತ ತೀರಿಕೊಂಡ. ಆ ಮುಖವನ್ನು ಗುಟ್‌ಮನ್ ಕಡೆಯವರೆಗೂ ಮರೆಯಲಿಲ್ಲ.

ಮುಂದೆ ಅವರು ಬ್ರೆಸ್ಲಾವ್ ನಗರದಲ್ಲಿ ಹೆಸರಾಂತ ನರರೋಗ ತಜ್ಞರಾದರು. 1933ರಲ್ಲಿ ನಾಜಿಗಳು ಯಹೂದಿ ವೈದ್ಯರನ್ನು ಹೊರಹಾಕಿದಾಗ ಯಹೂದಿ ಆಸ್ಪತ್ರೆ ಸೇರಿದರು. 1938ರ ನವೆಂಬರಿನ ದಾಳಿಯ ರಾತ್ರಿ ಆಶ್ರಯ ಬೇಡಿ ಬಂದವರನ್ನೆಲ್ಲ ರೋಗಿಗಳೆಂದು ದಾಖಲಿಸಿಕೊಂಡು, ಬಹುತೇಕ ಎಲ್ಲರನ್ನೂ ಉಳಿಸಿದರು. ಮರುವರ್ಷ ಹೆಂಡತಿ, ಇಬ್ಬರು ಮಕ್ಕಳೊಡನೆ ಇಂಗ್ಲೆಂಡಿಗೆ ವಲಸೆ ಹೋದರು.

1944ರ ಫೆಬ್ರವರಿಯಲ್ಲಿ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿ ಗಾಯಾಳುಗಳ ಕೇಂದ್ರ ಅವರ ಕೈಗೆ ಬಂತು. ಯುದ್ಧದಲ್ಲಿ ಗಾಯಗೊಂಡ ಸೈನಿಕರು ಸಾಯುತ್ತಿದ್ದುದು ಬೆನ್ನಿನ ಏಟಿನಿಂದಲ್ಲ, ಮಲಗಿದಲ್ಲೇ ಆಗುವ ಹುಣ್ಣುಗಳಿಂದ, ಮೂತ್ರದ ಸೋಂಕಿನಿಂದ. ಗುಟ್‌ಮನ್ ಕಂಡುಕೊಂಡ ಮದ್ದು ಬಹಳ ಸರಳ: ಹಗಲೂ ರಾತ್ರಿಯೂ ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸಬೇಕು. ಇದು ನಡೆಯುತ್ತಿದೆಯೇ ಎಂದು ನೋಡಲು ಅವರೇ ನಡುರಾತ್ರಿಯಲ್ಲಿ ವಾರ್ಡಿಗೆ ಬರುತ್ತಿದ್ದರು.

ಇಲ್ಲಿ ನನಗೆ ವಿನಯಪಿಟಕದ ಪ್ರಸಂಗ ನೆನಪಾಗುತ್ತದೆ. ಅತಿಸಾರದಿಂದ ನರಳುತ್ತ ತನ್ನ ಮಲಮೂತ್ರದಲ್ಲೇ ಬಿದ್ದಿದ್ದ ಭಿಕ್ಷುವನ್ನು ಬುದ್ಧರು ಆನಂದನೊಡನೆ ಸೇರಿ ತಾವೇ ತೊಳೆದು, ಎತ್ತಿ ಮಂಚದ ಮೇಲೆ ಮಲಗಿಸಿದರು. ಕರುಣೆ ಕೈಗಿಳಿಯುವುದು ಹೀಗೆ.

ಆದರೆ ಬದುಕಿಸಿದರಷ್ಟೇ ಸಾಕೆ? ಗುಟ್‌ಮನ್ ರೋಗಿಗಳಿಗೆ ಮರಗೆಲಸ, ಗಡಿಯಾರ ರಿಪೇರಿ ಕಲಿಸಿದರು. ಒಂದು ದಿನ ಕೆಲವು ರೋಗಿಗಳು ಗಾಲಿಕುರ್ಚಿಯಲ್ಲಿ ಕುಳಿತು ಊರುಗೋಲು ತಿರುಗಿಸಿ ಹಿಡಿದು ಆಟವಾಡುತ್ತಿದ್ದುದನ್ನು ಕಂಡರು. ಗದರಿಸಿ ಹಾಸಿಗೆಗೆ ಕಳಿಸಲಿಲ್ಲ. ಆ ಆಟವನ್ನೇ ಚಿಕಿತ್ಸೆಯ ಭಾಗ ಮಾಡಿದರು. 1948ರ ಜುಲೈ 29, ಲಂಡನ್ ಒಲಿಂಪಿಕ್ಸ್ ಆರಂಭವಾದ ದಿನವೇ, ಆಸ್ಪತ್ರೆಯ ಅಂಗಳದಲ್ಲಿ 16 ಮಂದಿ ಗಾಲಿಕುರ್ಚಿಯಲ್ಲಿ ಕುಳಿತು ಬಿಲ್ಲುವಿದ್ಯೆಯಲ್ಲಿ ಸ್ಪರ್ಧಿಸಿದರು. ಗೆದ್ದದ್ದು ಹೊರಗಿನಿಂದ ಬಂದ ತಂಡ. 1960ರಲ್ಲಿ ರೋಮ್‌ನಲ್ಲಿ ಸುಮಾರು 400 ಮಂದಿ ಸೇರಿದರು. ಗುಟ್‌ಮನ್ 1980ರಲ್ಲಿ ತೀರಿಕೊಂಡರು. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ನಮ್ಮ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ ಎತ್ತರ ಜಿಗಿತದಲ್ಲಿ ಬೆಳ್ಳಿ ಗೆದ್ದದ್ದು ಆ ಅಂಗಳದಲ್ಲಿ ಮೊಳೆತ ಮರದ ಹಣ್ಣೇ.

ಒಂದು ಮಾತು ಮರೆಯಬಾರದು. ಆಟ ಮೊದಲಿಟ್ಟವರು ರೋಗಿಗಳೇ. ಕಿವುಡರೂ ಅಷ್ಟೇ, ಯಾರಿಗೂ ಕಾಯದೆ 1924ರಲ್ಲೇ ಪ್ಯಾರಿಸ್‌ನಲ್ಲಿ ತಮ್ಮದೇ ಅಂತರರಾಷ್ಟ್ರೀಯ ಕ್ರೀಡಾಕೂಟ ನಡೆಸಿದ್ದರು. ಗುಟ್‌ಮನ್ ಅವರ ದೊಡ್ಡತನ ಇರುವುದು ಕಂಡದ್ದನ್ನು ಗೌರವಿಸಿ ಜಾಗ ಮಾಡಿಕೊಟ್ಟದ್ದರಲ್ಲಿ.

ಕರುಣೆಗೆ ಹತ್ತಿರದ ಶತ್ರು ಶೋಕ ಎನ್ನುತ್ತದೆ ವಿಶುದ್ಧಿಮಗ್ಗ. ಅಯ್ಯೋ ಪಾಪ ಎಂದು ಮರುಗುವುದು ಕರುಣೆಯಂತೆಯೇ ಕಾಣುತ್ತದೆ, ಆದರೆ ಎದುರಿನವರನ್ನು ಕುಳಿತಲ್ಲೇ ಕೂರಿಸುತ್ತದೆ. ಶಿಕ್ಷಕಿಯಾದ ನನಗೆ ಇದು ಆಟದ ಪೀರಿಯಡ್ಡಿನಲ್ಲಿ ಕಾಣುತ್ತದೆ. ಕಾಲು ಸರಿಯಿಲ್ಲದ ಮಗುವಿಗೆ ಎಷ್ಟೋ ಕಡೆ ಸಿಗುವ ಕೆಲಸ ಉಳಿದವರ ಚಪ್ಪಲಿ, ನೀರಿನ ಬಾಟಲಿ ಕಾಯುವುದು. ಅದರ ಹಿಂದೆ ದ್ವೇಷವಿಲ್ಲ, ಬಿದ್ದುಬಿಟ್ಟೀತು ಎಂಬ ಮರುಕವೇ ಇದೆ. ಆದರೆ ಸೀಟಿ ಕೇಳದ ಮಗುವಿಗೆ ಒಂದು ಬಾವುಟ ಎತ್ತಿದರೆ ಸಾಕು. ಕಣ್ಣು ಕಾಣದ ಮಗುವಿಗೆ ಸದ್ದು ಮಾಡುವ ಚೆಂಡು ಸಾಕು. ಉಳಿದದ್ದನ್ನು ಮಗುವೇ ತೋರಿಸಿಕೊಡುತ್ತದೆ.

ನಮ್ಮ ಮನೆಯಲ್ಲಿ, ಬೀದಿಯಲ್ಲಿ, ಆಟದ ಅಂಚಿನಲ್ಲಿ ಕುಳಿತಿರುವವರು ಯಾರು? ಇಂದು ಅವರ ಬಳಿ ಹೋಗಿ, ಯಾವ ಆಟ ಇಷ್ಟ ಎಂದು ಕೇಳೋಣ.

ಎಲ್ಲರಿಗೂ ಮಂಗಳವಾಗಲಿ 🪷